ಬ್ಯಾಡ್ ಬಾಯ್ಸ್: 17 ವರ್ಷ ಬಿಟ್ಟು ಬಂದ ಪೊಲೀಸ್ ಜೋಡಿ ಗೆದ್ದಿದ್ದು ಹೇಗೆ?

ಗಾಂಧಿಬಜಾರ್_ಹುಡುಗ

ನಾಲ್ಕೂ ಭಾಗಗಳ ಕಥೆ ಇಲ್ಲಿ ಪೂರ್ತಿ ಬಯಲಾಗುತ್ತೆ. ನೋಡದೇ ಇರೋರು ನೋಡ್ಕೊಂಡು ಬನ್ನಿ.

ಮೊದಲ ಬ್ಯಾಡ್ ಬಾಯ್ಸ್ 1995ರದ್ದು. ಮೈಕಲ್ ಬೇ ನಿರ್ದೇಶಿಸಿದ ಮೊದಲ ಸಿನಿಮಾ. ಖರ್ಚು ಸುಮಾರು 1.9 ಕೋಟಿ ಡಾಲರ್, ಗಳಿಕೆ 14 ಕೋಟಿ. ಮಯಾಮಿ ಪೊಲೀಸ್ ಜೋಡಿಯಲ್ಲಿ ಮೈಕ್ ಆದ ವಿಲ್ ಸ್ಮಿತ್, ಮಾರ್ಕಸ್ ಆದ ಮಾರ್ಟಿನ್ ಲಾರೆನ್ಸ್ ಇಬ್ಬರೂ ಆಗ ಟಿವಿ ಹಾಸ್ಯ ಧಾರಾವಾಹಿಗಳಿಂದ ಜನಕ್ಕೆ ಗೊತ್ತಿದ್ದೋರು. ಎರಡನೆಯದು 2003ರಲ್ಲಿ ಬಂತು. ಖರ್ಚು 13 ಕೋಟಿಗೆ ಏರಿತ್ತು, ಬಂದಿದ್ದು 27 ಕೋಟಿ ಚಿಲ್ಲರೆ. ಅಲ್ಲಿಗೆ ಗಾಡಿ ನಿಂತೇ ಹೋಯ್ತು. ಮೂರನೇ ಭಾಗಕ್ಕೆ ಅಂತ ಜೋ ಕಾರ್ನಹಾನ್ ಬಂದರು, 2017ರಲ್ಲಿ ಕೈಬಿಟ್ಟರು. ಬಿಡುಗಡೆ ದಿನಾಂಕ ಮುಂದಕ್ಕೆ ಹೋಗ್ತಾನೇ ಇತ್ತು. ಕೊನೆಗೆ ಬೆಲ್ಜಿಯಂನ ಆದಿಲ್ ಎಲ್ ಅರ್ಬಿ, ಬಿಲಾಲ್ ಫಲ್ಲಾ ಅನ್ನೋ ಇಬ್ಬರು ಹುಡುಗರ ಕೈಗೆ ಸಿಕ್ಕಿ 2020ರ ಜನವರಿಯಲ್ಲಿ 'ಫಾರ್ ಲೈಫ್' ತೆರೆಗೆ ಬಂತು. 9 ಕೋಟಿ ಡಾಲರ್‌ನಲ್ಲಿ ತೆಗೆದದ್ದು 42 ಕೋಟಿ ದಾಟಿತು. ಅದೇ ಇಬ್ಬರು ತೆಗೆದ ನಾಲ್ಕನೆಯದು, 'ರೈಡ್ ಆರ್ ಡೈ', 2024ರ ಜೂನ್‌ನಲ್ಲಿ ಬಂದು 40 ಕೋಟಿ ಮುಟ್ಟಿತು. ಅಷ್ಟು ಹೊತ್ತಿಗೆ ಸ್ಮಿತ್‌ಗೆ 55, ಲಾರೆನ್ಸ್‌ಗೆ 59.

ಇಷ್ಟು ವರ್ಷ ಬಿಟ್ಟು ಬರೋ ಸಿನಿಮಾಗಳಲ್ಲಿ ಹೆಚ್ಚಿನವು ನೆಲ ಕಚ್ಚುತ್ತವೆ. ಇದು ಯಾಕೆ ಕಚ್ಚಲಿಲ್ಲ? ನನಗೆ ಅನಿಸೋದು, ಈ ಎರಡು ಭಾಗಗಳೂ ನಡುವೆ ಕಳೆದ ವರ್ಷಗಳನ್ನೇ ಕಥೆ ಮಾಡಿಕೊಂಡವು. ಮೂರನೇ ಭಾಗದ ಶುರು ನೆನಪಿಸಿಕೊಳ್ಳಿ. ಪೋರ್ಷೆ ಕಾರು ಮಯಾಮಿ ಬೀದಿಗಳಲ್ಲಿ ನುಗ್ಗುತ್ತೆ, ಹಿಂದೆ ಪೊಲೀಸ್ ಗಾಡಿಗಳು. ಯಾರೋ ಕಳ್ಳನ ಬೆನ್ನು ಹತ್ತಿದಾರೆ ಅಂದ್ಕೊಂಡರೆ, ಹೋಗ್ತಿರೋದು ಆಸ್ಪತ್ರೆಗೆ, ಮಾರ್ಕಸ್‌ನ ಮಗಳ ಹೆರಿಗೆಗೆ! ಮಾರ್ಕಸ್ ಅಜ್ಜ ಆಗಿದಾನೆ. ಅವನಿಗೆ ನಿವೃತ್ತಿ ಬೇಕು, ಮೊಮ್ಮಗನ ಜೊತೆ ಕೂರಬೇಕು. ಮೈಕ್‌ಗೆ ಗಡ್ಡಕ್ಕೆ ಬಣ್ಣ ಹಚ್ಚಿಕೊಂಡು ಹಳೇ ಮೈಕ್ ಆಗೇ ಇರಬೇಕು. ಇಡೀ ಸಿನಿಮಾ ಈ ಜಗಳದ ಮೇಲೆ ನಿಂತಿದೆ. ಗುಂಡು, ಬಾಂಬು ಎಲ್ಲ ಆಮೇಲೆ.

ನಿಮಗೆಲ್ಲ ಏನನ್ಸುತ್ತೆ? ಹಿಡಿಸದೇ ಇದ್ದೋರೂ ಬರೀರಿ.

ಎಡಿಟ್‌ರೂಮ್

ಒಳ್ಳೇ ಚರ್ಚೆ ಗುರು. ಗಳಿಕೆ ವಿಚಾರದಲ್ಲಿ ಒಂದು ಮಾತು ಸೇರಿಸ್ತೀನಿ. 2020ರಲ್ಲಿ ಅಮೆರಿಕದೊಳಗೆ ಅತಿ ಹೆಚ್ಚು ಗಳಿಸಿದ ಸಿನಿಮಾ 'ಫಾರ್ ಲೈಫ್', ಸುಮಾರು 20 ಕೋಟಿ ಡಾಲರ್. ಆದರೆ ಮಾರ್ಚ್‌ನಲ್ಲಿ ಕೋವಿಡ್‌ನಿಂದ ಥಿಯೇಟರ್‌ಗಳು ಮುಚ್ಚಿದವು, ದೊಡ್ಡ ಸಿನಿಮಾಗಳೆಲ್ಲ ಮುಂದಕ್ಕೆ ಹೋದವು. ಅದಕ್ಕೇ ಆ ಮೊದಲ ಸ್ಥಾನ. ಹಾಗಂತ ಗಳಿಕೆ ಕೋವಿಡ್ ಕೊಟ್ಟ ಭಿಕ್ಷೆ ಅಲ್ಲ, ಬಾಗಿಲು ಮುಚ್ಚೋ ಮೊದಲೇ ದುಡಿದ ದುಡ್ಡು ಅದು.

ನಿಜವಾದ ಪರೀಕ್ಷೆ 2024. ಆ ಬೇಸಿಗೆ ಹಾಲಿವುಡ್‌ಗೆ ಕೆಟ್ಟದಾಗಿ ಶುರುವಾಗಿತ್ತು. 'ಫಾಲ್ ಗಯ್', 'ಫ್ಯೂರಿಯೋಸಾ' ಎರಡೂ ನಿರೀಕ್ಷೆ ಮುಟ್ಟಲಿಲ್ಲ. ಅದರ ಮೇಲೆ ವಿಲ್ ಸ್ಮಿತ್, 2022ರ ಆಸ್ಕರ್ ವೇದಿಕೆಯಲ್ಲಿ ಹಾಸ್ಯನಟ ಕ್ರಿಸ್ ರಾಕ್‌ಗೆ ಕಪಾಳಮೋಕ್ಷ ಮಾಡಿದ ಮೇಲೆ ಥಿಯೇಟರ್‌ಗೆ ದೊಡ್ಡದಾಗಿ ಬರ್ತಿದ್ದ ಮೊದಲ ಸಿನಿಮಾ ಇದು. ಅಕಾಡೆಮಿ ಅವನನ್ನ 10 ವರ್ಷ ತನ್ನ ಸಮಾರಂಭಗಳಿಂದ ಹೊರಗಿಟ್ಟಿದೆ. ಜನ ಬರ್ತಾರಾ ಅನ್ನೋ ಅನುಮಾನ ಎಲ್ಲರಿಗೂ ಇತ್ತು. ಮೊದಲ ವಾರಾಂತ್ಯಕ್ಕೇ ಅಮೆರಿಕದಲ್ಲಿ 5.6 ಕೋಟಿ ಡಾಲರ್ ಬಂತು.

ಧಾರವಾಡ_ಫೇಡೆ

ಎಲ್ಲಾ ಖರೇನ ಅದ. ಆದ್ರ ಒಂದು ಮಾತು ನನಗ ಇನ್ನೂ ಗಂಟಲದಾಗ ಸಿಕ್ಕೊಂಡದ. ಈ ಇಬ್ಬರ ಮೇಲಧಿಕಾರಿ ಕ್ಯಾಪ್ಟನ್ ಹಾವರ್ಡ್‌ನ್ನ ಕೊಂದಾವ ಯಾರ್ರೀ? ಅರ್ಮಾಂಡೋ. ಮೊದಲನೇ ಭಾಗದಿಂದ ಬೈಕೋತ, ಉಸಿರು ಜಗ್ಗಿಕೋತ, ಈ ಇಬ್ಬರ್ನೂ ಮಕ್ಕಳಂಗ ಕಾದಾವ ಹಾವರ್ಡ್. ಜೋ ಪ್ಯಾಂಟೋಲಿಯಾನೋ ಆ ಪಾತ್ರಕ್ಕ ಜೀವ ತುಂಬ್ಯಾನ. ಅಂಥಾವನ್ನ ಮೂರನೇ ಭಾಗದಾಗ ಗುಂಡಿಕ್ಕಿ ಕೆಡವಿದರು. ಸರಿ, ಕಥೀಗೆ ಬೇಕಾಗಿತ್ತು ಅನ್ನೋಣ. ಆಮ್ಯಾಲೆ ಆ ಕೊಂದಾವ ಮೈಕನ ಮಗ ಅಂತ ಗೊತ್ತಾತು. ನಾಲ್ಕನೇದ್ರಾಗ ಅವನ ಹೀರೋನ ಜೋಡಿ ಹೆಲಿಕಾಪ್ಟರಿನ್ಯಾಗ ಕುಂತು ಬರ್ತಾನ. ಹಾವರ್ಡ್‌ನ ಮೊಮ್ಮಗಳನ್ನ ಉಳಿಸ್ತಾನ, ಲೆಕ್ಕಾ ಚುಕ್ತಾ!

ಹಿಂಗ ಮಾಡಬಾರದಿತ್ರೀ. ಒಂದು ಸಾವಿಗೆ ಒಂದು ತೂಕ ಅಂತ ಇರ್ತದ. ಎರಡು ತಾಸಿನ್ಯಾಗ ಅದನ್ನ ಇಳಿಸಲಿಕ್ಕೆ ಬರೂದಿಲ್ಲ.

ತುಂಗಾತೀರ

ಫೇಡೆ ಅವರೇ, ನಿಮ್ಮ ಮಾತಿಗೆ ಅರ್ಧ ಒಪ್ಪಿಗೆ. ಮೈಕ್ ಮಗನನ್ನು ಬೇಗ ಕ್ಷಮಿಸಿದ ಅನ್ನೋದು ನಿಜ. ಆದರೆ ಹಾವರ್ಡ್‌ನ ಮಗಳು ಜೂಡಿ ಪಾತ್ರ ಇರೋದೇ ನೀವು ಹೇಳ್ತಿರೋ ಆ ತೂಕ ಹೊರೋಕೆ. ರಿಯಾ ಸೀಹಾರ್ನ್ ಮಾಡಿದ್ದು. ಅವಳು ಫೆಡರಲ್ ಮಾರ್ಷಲ್, ಅಪ್ಪನನ್ನು ಕೊಂದವನನ್ನು ಬೆನ್ನಟ್ಟಿ ಬರ್ತಾಳೆ. ಅವಳ ಸಿಟ್ಟನ್ನು ಸಿನಿಮಾ ಎಲ್ಲೂ ತಪ್ಪು ಅನ್ನೋದಿಲ್ಲ. ನನ್ನ ದೂರು ಏನಂದ್ರೆ ಆ ಪಾತ್ರಕ್ಕೆ ಸಮಯ ಕೊಟ್ಟಿದ್ದು ತೀರಾ ಕಮ್ಮಿ. ಅಂಥಾ ನಟಿಯನ್ನು ಕರೆದು ತಂದು, ಒಂದೇ ಒಂದು ಗಟ್ಟಿಯಾದ ಎದುರುಬದುರು ದೃಶ್ಯ ಬರೀಲಿಲ್ಲ.

ಹೆಣ್ಣು ಪಾತ್ರಗಳ ವಿಷಯ ಬಂತು ಅಂತ ಹೇಳಿಬಿಡ್ತೀನಿ, ಈ ಸರಣಿಯ ದೊಡ್ಡ ತೂತು ಅದೇ. 2003ರಲ್ಲಿ ಗೇಬ್ರಿಯಲ್ ಯೂನಿಯನ್ ಮಾಡಿದ ಸಿಡ್, ಮಾರ್ಕಸ್‌ನ ತಂಗಿ, ಮೈಕ್‌ನ ಪ್ರೇಯಸಿ. ಇಡೀ ಎರಡನೇ ಭಾಗ ಆ ಗುಟ್ಟು ಮಾರ್ಕಸ್‌ಗೆ ಗೊತ್ತಾಗೋದರ ಸುತ್ತ ಇತ್ತು. ಆಮೇಲೆ ಅವಳು ಬೇರೆ ಟಿವಿ ಸರಣಿಗೆ ಹೋದಳು, ಸಿನಿಮಾದಲ್ಲಿ ಮಾಯ. ಮೂರನೇ ಭಾಗದಲ್ಲಿ ರೀಟಾ ಬಂದಳು, ಹಳೇ ಪ್ರೀತಿ ಅಂದರು. ನಾಲ್ಕನೆಯದು ಶುರುವಾಗೋದೇ ಮೈಕ್‌ನ ಮದುವೆಯಿಂದ, ಹುಡುಗಿ ಕ್ರಿಸ್ಟೀನ್, ಅವನ ಫಿಸಿಯೋಥೆರಪಿಸ್ಟ್. ನಮಗೆ ಆ ಹೆಣ್ಣಿನ ಪರಿಚಯವೇ ಇಲ್ಲ. 29 ವರ್ಷ ಒಂಟಿಯಾಗಿದ್ದವನ ಮದುವೆ ಅಂದ್ರೆ ನೋಡೋರಿಗೆ ಮನಸ್ಸು ತುಂಬಬೇಕಿತ್ತು. ಮಂಟಪದಲ್ಲಿ ನಿಂತಿರೋದು ಯಾರು ಅಂತಲೇ ಗೊತ್ತಿಲ್ಲದಿದ್ದರೆ ಹೇಗೆ ತುಂಬುತ್ತೆ? ಆಮೇಲೆ ಅವಳನ್ನು ಅಪಹರಣ ಮಾಡಿದಾಗಲೂ ನಾವು ಹೆದರೋದು ಮೈಕ್‌ಗಾಗಿ, ಅವಳಿಗಾಗಿ ಅಲ್ಲ.

ಇನ್ನು ಮಾರ್ಕಸ್‌ನ ಹೆಂಡತಿ ತೆರೇಸಾ. ಮೂರು ಭಾಗದಲ್ಲಿ ತೆರೇಸಾ ರ‍್ಯಾಂಡಲ್ ಇದ್ದರು, ನಾಲ್ಕನೆಯದರಲ್ಲಿ ಟಾಶಾ ಸ್ಮಿತ್. ಟಾಶಾ ಒಳ್ಳೇ ನಟಿ, ಅವರ ಮೇಲೆ ಏನೂ ಇಲ್ಲ. ಆದರೆ ಹಳೇ ಸರಣಿಗೆ ಜನ ವಾಪಸ್ ಬರೋದು ಅದೇ ಮುಖಗಳನ್ನು ನೋಡೋಕೆ. ಮಾರ್ಕಸ್‌ಗೆ ಹೃದಯಾಘಾತ ಆಗಿ ಬಿದ್ದಾಗ ಓಡಿ ಬರೋ ಹೆಂಡತಿ 1995ರಿಂದ ನಾವು ನೋಡಿದ ಹೆಂಡತಿಯೇ ಆಗಿದ್ದಿದ್ದರೆ ಆ ದೃಶ್ಯ ಎಲ್ಲಿಗೋ ಹೋಗ್ತಿತ್ತು.

ಗಾಂಧಿಬಜಾರ್_ಹುಡುಗ

ಅಕ್ಕ, ಕ್ರಿಸ್ಟೀನ್ ವಿಷಯದಲ್ಲಿ ಪೂರ್ತಿ ಒಪ್ತೀನಿ. ಮುಖಗಳ ವಿಷಯ ಹೇಳಿದ್ರಲ್ಲ, ಅದಕ್ಕೆ ಸರಿಯಾದ ಉದಾಹರಣೆ ಇದೇ ಸಿನಿಮಾದಲ್ಲಿ ಇದೆ. ರೆಜ್ಜಿ!

ಎರಡನೇ ಭಾಗದಲ್ಲಿ ಮಾರ್ಕಸ್‌ನ ಮಗಳು ಮೆಗನ್‌ನ ಕರ್ಕೊಂಡು ಹೋಗೋಕೆ ಒಬ್ಬ ಹುಡುಗ ಬಾಗಿಲು ತಟ್ಟುತ್ತಾನೆ. ಮೊದಲು ಮಾರ್ಕಸ್ ಬೆದರಿಸ್ತಾನೆ. ಆಮೇಲೆ ಒಳಗಿಂದ ಮೈಕ್ ಜೈಲಿಂದ ಬಿಟ್ಟು ಬಂದವನ ಥರ ನಟಿಸುತ್ತಾ ಬಂದು, ಬಂದೂಕು ತೋರಿಸಿ ಜೀವ ತೆಗೀತಾನೆ. ಹುಡುಗ ಉಗುಳು ನುಂಗಿಕೊಂಡು "ಎಸ್ ಸರ್" ಅಂತ ನಿಂತಿರ್ತಾನೆ. 2003ರ ಆ ಹುಡುಗ ಡೆನ್ನಿಸ್ ಮೆಕ್‌ಡೊನಾಲ್ಡ್. ಮೂರನೇ ಭಾಗದಲ್ಲಿ ಅದೇ ನಟ, ಅದೇ ರೆಜ್ಜಿ, ಈಗ ಅಮೆರಿಕದ ಮರೀನ್ ಪಡೆಯ ಯೋಧ, ಮೆಗನ್‌ನ ಗಂಡ, ಮಾರ್ಕಸ್‌ನ ಅಳಿಯ. ಆಗಲೂ ಮಾವ ಅವನನ್ನ ಮನುಷ್ಯ ಅಂತ ಲೆಕ್ಕಕ್ಕೆ ಇಟ್ಟಿರಲ್ಲ. ನಾಲ್ಕನೆಯದರಲ್ಲಿ ಗೂಂಡಾಗಳು ಮನೆಗೆ ನುಗ್ತಾರೆ. ಮೈಕ್, ಮಾರ್ಕಸ್ ಇಬ್ಬರೂ ದೂರದಲ್ಲಿದ್ದಾರೆ, ಮನೆಯ ಕ್ಯಾಮೆರಾದಲ್ಲಿ ನೋಡೋದು ಬಿಟ್ಟು ಏನೂ ಮಾಡೋಕಾಗಲ್ಲ. ರೆಜ್ಜಿ ಒಬ್ಬನೇ, ಒಂದು ಮಾತೂ ಆಡದೆ, ಮೆಟ್ಟಿಲಿಂದ ಅಡುಗೆಮನೆವರೆಗೆ ಒಬ್ಬೊಬ್ಬರನ್ನೇ ಕೆಡವುತ್ತಾ ಹೋಗ್ತಾನೆ. ಇತ್ತ ಪರದೆ ಮುಂದೆ ಇಬ್ಬರು ಮುದುಕರ ಬಾಯಿ ತೆರೆದದ್ದು ಮುಚ್ಚಲ್ಲ.

ನಾನು ಇದನ್ನ ಬೆಂಗಳೂರಿನ ಒಂದು ಮಲ್ಟಿಪ್ಲೆಕ್ಸ್‌ನಲ್ಲಿ ನೋಡಿದ್ದು. ಹೀರೋ ಎಂಟ್ರಿಗೆ ಬೀಳದ ಶಿಳ್ಳೆ ರೆಜ್ಜಿಗೆ ಬಿತ್ತು. ಹೊಸ ನಟನನ್ನ ಹಾಕಿ ಇದನ್ನ ತೆಗೆದಿದ್ದರೆ ಇನ್ನೊಂದು ಹೊಡೆದಾಟ ಅಷ್ಟೇ. ಬಾಗಿಲಲ್ಲಿ ನಡುಗಿದ ಅದೇ ಹುಡುಗ 21 ವರ್ಷ ಆದ ಮೇಲೆ ಆ ಮನೆಯನ್ನೇ ಕಾಯ್ತಾನಲ್ಲ, ಈ ಖುಷಿ ತಡವಾಗಿ ಬರೋ ಭಾಗ ಮಾತ್ರ ಕೊಡೋಕೆ ಸಾಧ್ಯ. ಎರಡೇ ವರ್ಷಕ್ಕೆ ಬಂದಿದ್ದರೆ ಸಿಗ್ತಿರಲಿಲ್ಲ.

ಎಡಿಟ್‌ರೂಮ್

ರೆಜ್ಜಿ ದೃಶ್ಯ ಚೆನ್ನಾಗಿ ಹಿಡಿದ್ರಿ. ಕಟ್ಟಿಂಗ್ ಕೂಡ ಗಮನಿಸಿ. ಹೊಡೆತ, ಪರದೆ ನೋಡ್ತಿರೋ ಮಾರ್ಕಸ್ ಮುಖ, ಮತ್ತೆ ಹೊಡೆತ. ನಗುವೂ ಬರುತ್ತೆ, ಆತಂಕವೂ ಇಳಿಯಲ್ಲ.

ತಾಂತ್ರಿಕವಾಗಿ ಈ ಬೆಲ್ಜಿಯಂ ಜೋಡಿ ಬಗ್ಗೆ ನನಗೆ ತುಂಬಾ ಗೌರವ. ಮೈಕಲ್ ಬೇ ಶೈಲಿ ಗೊತ್ತಲ್ಲ: ಕ್ಯಾಮೆರಾ ನೆಲಮಟ್ಟದಿಂದ ಮೇಲೆ ನೋಡ್ತಾ ಸುತ್ತು ಹೊಡೆಯುತ್ತೆ, ಇಬ್ಬರೂ ನಿಧಾನವಾಗಿ ಎದ್ದು ನಿಲ್ತಾರೆ, ಹಿಂದೆ ಕಿತ್ತಳೆ ಬಣ್ಣದ ಮಯಾಮಿ ಆಕಾಶ. ಮೊದಲ ಭಾಗದ ಆ ಶಾಟ್ ಆಮೇಲೆ ಎಷ್ಟು ಸಿನಿಮಾಗಳಿಗೆ ಹೋಯ್ತೋ. ಆದಿಲ್, ಬಿಲಾಲ್ ಮೂರನೇ ಭಾಗದಲ್ಲಿ ಗುರುವಿನ ವ್ಯಾಕರಣವನ್ನೇ ಓದಿ ಒಪ್ಪಿಸಿದರು. ಅದರ ಮದುವೆ ದೃಶ್ಯದಲ್ಲಿ ಮೈಕ್ರೊಫೋನ್ ಹಿಡಿದು ಮಾತಾಡೋ ಪಾತ್ರಕ್ಕೆ ಬೇ ಅವರನ್ನೇ ಕರೆಸಿದರು. ನಾಲ್ಕನೆಯದರಲ್ಲಿ ತಮ್ಮ ಸ್ವಂತ ಭಾಷೆ ಹುಡುಕಿಕೊಂಡಿದ್ದಾರೆ. ಕಿಟಕಿ, ಕಂಬ, ಕಾಲುಗಳ ಸಂದಿಯಲ್ಲಿ ನುಗ್ಗೋ ಪುಟ್ಟ ಡ್ರೋನ್‌ಗಳು. ಕೊನೆಯ ಹೊಡೆದಾಟ ಪಾಳುಬಿದ್ದ ಮೊಸಳೆ ಪಾರ್ಕ್‌ನಲ್ಲಿ ನಡೆಯುತ್ತೆ. ಅಲ್ಲಿ ಕ್ಯಾಮೆರಾ ಬಂದೂಕು ಹಿಡಿದವನ ಕಣ್ಣಿಂದ ನೋಡ್ತಾ ಹೋಗಿ, ಕಟ್ ಇಲ್ಲದೇ ಗಿರಕಿ ಹೊಡೆದು ಅವನ ಮುಖಕ್ಕೇ ತಿರುಗುತ್ತೆ. ಗೇಮ್ ಆಡೋ ಹುಡುಗರಿಗೆ ಆ ನೋಟ ತಕ್ಷಣ ಪರಿಚಯ ಸಿಗುತ್ತೆ. ಆದರೆ ಗೇಮ್‌ನಲ್ಲಿ ಗುಂಡು ಹೊಡೆಯೋನ ಮುಖ ಕಾಣಲ್ಲ. ಇಲ್ಲಿ ಕಾಣುತ್ತೆ, ಬೆವರು, ಸುಸ್ತು, ಭಯ ಎಲ್ಲ ಸಮೇತ.

ಇನ್ನೊಂದು ನೆನಪಿರಲಿ. ಇವರಿಬ್ಬರೂ ತೆಗೆದ 'ಬ್ಯಾಟ್‌ಗರ್ಲ್' ಚಿತ್ರವನ್ನ 2022ರ ಆಗಸ್ಟ್‌ನಲ್ಲಿ ವಾರ್ನರ್ ಬ್ರದರ್ಸ್ ಬಿಡುಗಡೆ ಮಾಡದೇ ಮೂಲೆಗೆ ಹಾಕಿತು. ಚಿತ್ರೀಕರಣ ಮುಗಿದು ಸಂಕಲನ ನಡೀತಿದ್ದ ಸಿನಿಮಾ. ಈ ಕಸುಬಲ್ಲಿ ಇರೋನಾಗಿ ಹೇಳ್ತೀನಿ, ಅದಕ್ಕಿಂತ ದೊಡ್ಡ ಏಟು ಇಲ್ಲ. ಅದಾದ ಮೇಲೆ ಬಂದು ಇಷ್ಟು ಉತ್ಸಾಹದಲ್ಲಿ ಕ್ಯಾಮೆರಾ ಓಡಿಸಿದ್ದಾರೆ.

ಬಳ್ಳಾರಿ_ಬಿಸಿಲು

ಎಲ್ಲರೂ ಹೊಸ ಭಾಗಗಳನ್ನೇ ಹೊಗಳ್ತಿದೀರಿ, ಎರಡನೇ ಭಾಗದ ಪರ ಯಾರಾದ್ರೂ ಮಾತಾಡ್ಲೇಬೇಕು. ಮೆಕಾರ್ಥರ್ ಸೇತುವೆ ರಸ್ತೆ ಮೇಲಿನ ಚೇಸ್ ನೆನಪಿದೆಯಾ? ಕಾರು ಸಾಗಿಸೋ ಲಾರಿ ಮೇಲಿಂದ ಕಾರುಗಳನ್ನ ಒಂದೊಂದಾಗಿ ಹಿಂದಕ್ಕೆ ಉರುಳಿಸ್ತಾರೆ, ಮೈಕ್‌ನ ಫೆರಾರಿ ಅವುಗಳ ನಡುವೆ ನುಸುಳುತ್ತೆ. ಆ ಕಾರುಗಳು ಉರುಳಿದಾಗ ನೆಲ ಅದುರಿದ್ದು ಕಣ್ಣಿಗೆ ಗೊತ್ತಾಗುತ್ತೆ. ನಾಲ್ಕನೆಯದರ ಹೆಲಿಕಾಪ್ಟರ್ ದೃಶ್ಯದಲ್ಲಿ ಆ ಭಾರ ನನಗೆ ಸಿಗಲಿಲ್ಲ, ಗ್ರಾಫಿಕ್ಸ್ ವಾಸನೆ ಹೊಡೆಯಿತು. ಆಕ್ಷನ್ ಸಿನಿಮಾ ಅಂದಮೇಲೆ ಆಕ್ಷನ್‌ಗೆ ಮೊದಲ ಅಂಕ. ಸೆಂಟಿಮೆಂಟ್‌ಗೆ ಬೇರೆ ಸಿನಿಮಾ ಇದೆ.

ತುಂಗಾತೀರ

ಬಳ್ಳಾರಿಯವರೇ, ಸೇತುವೆ ಚೇಸ್ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಸಿನಿಮಾದಲ್ಲಿ ಶವಾಗಾರದ ವ್ಯಾನಿನಿಂದ ಹೆಣಗಳು ರಸ್ತೆಗೆ ಬೀಳ್ತವೆ, ನಾಯಕರ ಗಾಡಿ ಅವುಗಳ ಮೇಲೆ ಹರಿಯುತ್ತೆ, ಅದನ್ನು ತಮಾಷೆ ಅಂತ ತೋರಿಸ್ತಾರೆ. ಕೊನೆಗೆ ಕ್ಯೂಬಾದಲ್ಲಿ ಗುಡ್ಡದ ಮೇಲಿನ ಬಡವರ ತಗಡಿನ ಮನೆಗಳ ಮೇಲೆ ಹಳದಿ ಹಮ್ಮರ್ ಓಡಿಸ್ತಾರೆ. ಅಲ್ಲೆಲ್ಲ ಮಾದಕವಸ್ತು ತಯಾರಿಸ್ತಾರೆ ಅನ್ನೋ ಒಂದು ಮಾತು ಸಮಜಾಯಿಷಿಗೆ. 147 ನಿಮಿಷದ ಸಿನಿಮಾದಲ್ಲಿ ಆ ಮನೆಗಳಲ್ಲಿ ಇದ್ದವರಿಗಾಗಿ ಒಂದು ಕ್ಷಣ ಇಲ್ಲ. ನನಗೆ ಅದನ್ನು ಈಗ ನೋಡೋಕಾಗಲ್ಲ.

ಮೂರನೆಯದರಲ್ಲಿ ಮಾರ್ಕಸ್ ದೇವರಿಗೆ ಹರಕೆ ಹೊರ್ತಾನೆ, ಮೈಕ್ ಬದುಕಿದರೆ ಇನ್ನು ಹಿಂಸೆ ಮಾಡಲ್ಲ ಅಂತ. ಕಡೆಗೆ ಹರಕೆ ಮುರಿಯುತ್ತೆ, ಗುಂಡು ಹಾರಿಸಲೇಬೇಕಾಗುತ್ತೆ. ಆದರೂ ಒಬ್ಬ ಪೊಲೀಸ್ ಅದರ ಬಗ್ಗೆ ಯೋಚಿಸಿದನಲ್ಲ. ಆ ಚಿತ್ರ ಬಂದಿದ್ದು 2020ರ ಜನವರಿ, ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಕೊಲೆ ಆಗಿದ್ದು ಮೇ ತಿಂಗಳು. ಆಮೇಲೆ ಅಮೆರಿಕದಲ್ಲಿ ಪೊಲೀಸರನ್ನು ಹೀರೋ ಮಾಡೋ ಕಥೆಗಳನ್ನು ಜನ ನೋಡೋ ರೀತಿಯೇ ಬೇರೆಯಾಯ್ತು. ನಾಲ್ಕನೆಯದರಲ್ಲಿ ಈ ಇಬ್ಬರ ಮೇಲೇ ಆರೋಪ ಹೊರಿಸಿ ಪೊಲೀಸರೇ ಬೆನ್ನಟ್ಟುತ್ತಾರೆ. ಹಾವರ್ಡ್ ಸತ್ತ ಮೇಲೆ ಅವನ ಹೆಸರಿಗೆ ಮಸಿ ಬಳಿಯೋದು ಇಲಾಖೆ ಒಳಗಿನ ಕೊಳಕು. ಕಥೆ ಆ ಕಡೆ ತಿರುಗಿದ್ದು ಕಾಲ ನೋಡಿಯೇ ಅಂತ ನನ್ನ ನಂಬಿಕೆ.

ಬಳ್ಳಾರಿ_ಬಿಸಿಲು

ಹೆಣದ ದೃಶ್ಯ ನನಗೂ ಸೇರಲ್ಲ ಮೇಡಂ, ಅದನ್ನ ಸಮರ್ಥಿಸಲ್ಲ. ಸೇತುವೆ ಮಾತ್ರ ಬಿಟ್ಟುಕೊಡಲ್ಲ.

ಅಟ್ಲಾಂಟಾ_ಕನ್ನಡಿಗ

ನಾನಿರೋದು ಜಾರ್ಜಿಯಾದಲ್ಲಿ, ಹಾಗಾಗಿ ಒಂದು ಮಾಹಿತಿ. ಬಳ್ಳಾರಿ ಸರ್ ಕೇಳಿದ ಆ ಭಾರ ಯಾಕೆ ಕಮ್ಮಿ ಆಯ್ತು ಅನ್ನೋದಕ್ಕೆ ಇದೂ ಒಂದು ಕಾರಣ ಇರಬಹುದು. ಮೊದಲ ಎರಡು ಭಾಗಗಳು ಮಯಾಮಿಯ ಸಿನಿಮಾಗಳು. ಮೂರು, ನಾಲ್ಕರ ಬಹುಪಾಲು ಚಿತ್ರೀಕರಣ ನಮ್ಮ ಅಟ್ಲಾಂಟಾ ಸುತ್ತಮುತ್ತ ಆಗಿದ್ದು, ಮಯಾಮಿಗೆ ಹೋಗಿದ್ದು ಊರು ಕಾಣಬೇಕಾದ ಕಡೆ ಮಾತ್ರ. ಕಾರಣ ತೆರಿಗೆ. ಫ್ಲೋರಿಡಾ ಸಿನಿಮಾದವರಿಗೆ ಕೊಡ್ತಿದ್ದ ಪ್ರೋತ್ಸಾಹಧನ 2016ರಲ್ಲಿ ನಿಂತಿತು. ಜಾರ್ಜಿಯಾ ಇಲ್ಲಿ ಮಾಡಿದ ಖರ್ಚಿನ ಮೇಲೆ 20 ಶೇಕಡಾ ತೆರಿಗೆ ರಿಯಾಯಿತಿ ಕೊಡುತ್ತೆ. ಚಿತ್ರದ ಕೊನೆಗೆ ರಾಜ್ಯದ ಪೀಚ್ ಹಣ್ಣಿನ ಲಾಂಛನ ಹಾಕಿದರೆ ಇನ್ನೂ 10. ದೊಡ್ಡ ಸಿನಿಮಾಕ್ಕೆ ಇದು ಕೋಟಿಗಟ್ಟಲೆ ಡಾಲರ್ ಉಳಿತಾಯ.

ನನಗೆ ಬೇಜಾರಾಗೋದು ಇಲ್ಲೇ. ಈ ಸರಣಿಗೆ ಮೈಕ್, ಮಾರ್ಕಸ್ ಬಿಟ್ಟರೆ ಮೂರನೇ ಪಾತ್ರ ಅಂದ್ರೆ ಮಯಾಮಿಯೇ. ಅಲ್ಲಿನ ಬೆಳಕು, ಹಬೆ, ಕಡಲಿಗೆ ಅಂಟಿದ ರಸ್ತೆಗಳು. ಈಗಲೂ ಆ ಊರಿನ ವಿಮಾನನೋಟಗಳು ಬರ್ತವೆ, ಆದರೆ ಪಾತ್ರಗಳು ಕಾರಿಂದ ಇಳಿದ ಕೂಡಲೇ ಊರು ಬದಲಾದ ಹಾಗೆ ಅನಿಸುತ್ತೆ, ಎರಡೂ ಊರು ಕಂಡವರಿಗೆ ಇನ್ನೂ ಹೆಚ್ಚು.

ನಾಲ್ಕನೆಯದು ನಡುವೆ ನಿಂತೂ ಹೋಗಿತ್ತು. 2023ರ ಜುಲೈನಲ್ಲಿ ನಟರ ಸಂಘದ ಮುಷ್ಕರ ಶುರುವಾಗಿ 118 ದಿನ ನಡೀತು. ಇಲ್ಲಿ ಸ್ಟುಡಿಯೋಗಳಲ್ಲಿ ಬಡಗಿ, ಎಲೆಕ್ಟ್ರಿಷಿಯನ್ ಕೆಲಸ ಮಾಡೋರೆಲ್ಲ ಆ ತಿಂಗಳುಗಳಲ್ಲಿ ಖಾಲಿ ಕೂತಿದ್ದರು. ಮುಷ್ಕರ ಮುಗಿದ ಮೇಲೆ ಉಳಿದಿದ್ದನ್ನ ತೆಗೆದು ಜೂನ್‌ಗೆ ಬಿಡುಗಡೆ ಮಾಡಿದರು.

ಕುಡ್ಲ_ರೀಲ್

ಬೇರೆ ಜೋಡಿಗಳ ಜೊತೆ ಇಟ್ಟು ನೋಡಿದ್ರೆ ಇನ್ನೂ ಸ್ಪಷ್ಟ ಆಗ್ತದೆ ಮಾರಾಯ್ರೆ. 'ಲೀಥಲ್ ವೆಪನ್' 1987ರದ್ದು. ಅದರಲ್ಲಿ ಜೋಡಿಯ ಹಿರಿಯ ಪೊಲೀಸ್ ಮರ್ಟಾ ಮೊದಲ ಸಲ ಕಾಣುವುದೇ ಬಾತ್‌ಟಬ್‌ನಲ್ಲಿ, ಅವನ 50ನೇ ಹುಟ್ಟುಹಬ್ಬಕ್ಕೆ ಹೆಂಡತಿ ಮಕ್ಕಳು ಕೇಕ್ ಹಿಡ್ಕೊಂಡು ಒಳಗೆ ಬರ್ತಾರೆ. ಆ ಪಾತ್ರ ಮಾಡಿದ ಡ್ಯಾನಿ ಗ್ಲೋವರ್‌ಗೆ ಆಗ ನಿಜವಾಗಿ 40ರ ಪ್ರಾಯ. ಅಂದ್ರೆ ವಯಸ್ಸಾಗ್ತಿದೆ ಎನ್ನುವ ಕಥೆ ಶುರುವಿನಿಂದಲೇ ಉಂಟು. ನಾಲ್ಕೂ ಭಾಗ ರಿಚರ್ಡ್ ಡಾನರ್ ಒಬ್ಬರೇ ನಿರ್ದೇಶಿಸಿದ್ದು, 11 ವರ್ಷದಲ್ಲಿ ಮುಗೀತು. ಆ ಮಕ್ಕಳು ನಮ್ಮ ಕಣ್ಣೆದುರೇ ದೊಡ್ಡವರಾದ್ರು.

'ರಶ್ ಅವರ್' ನೋಡಿ. 1998, 2001, ಆಮೇಲೆ 2007. ಮೂರನೇದಕ್ಕೆ ಪ್ಯಾರಿಸ್‌ಗೆ ಹೋದ್ರು, ಊರು ಬದಲಾಯ್ತು, ಆ ಇಬ್ಬರ ನಡುವೆ ಏನೂ ಬದಲಾಗ್ಲಿಲ್ಲ. ಅದೇ ಜಗಳ, ಅದೇ ಜೋಕು. ನನಗೆ ಜಾಕಿ ಚಾನ್ ಅಂದ್ರೆ ಪ್ರಾಣ, ಆದ್ರೂ ಅದು ಬೋರು.

'ಬೆವರ್ಲಿ ಹಿಲ್ಸ್ ಕಾಪ್' ನಾಲ್ಕನೇದು 2024ರ ಜುಲೈಯಲ್ಲಿ ಸೀದಾ ನೆಟ್‌ಫ್ಲಿಕ್ಸ್‌ಗೆ ಬಂತು, ಮೂರನೇದು ಬಂದು 30 ವರ್ಷಕ್ಕೆ. ಎಡ್ಡಿ ಮರ್ಫಿಗೆ 63. ಅಲ್ಲಿಯೂ ಮಗಳ ಜೊತೆ ಮಾತು ಬಿಟ್ಟ ಅಪ್ಪನ ಕಥೆ ಉಂಟು. ಆದ್ರೆ ಪ್ರತಿ ಹತ್ತು ನಿಮಿಷಕ್ಕೆ ಹಳೇ ಟ್ಯೂನ್, ಹಳೇ ಜೋಕು, ಹಳೇ ಮುಖ ತೋರಿಸಿ ಚಪ್ಪಾಳೆ ಕೇಳುವ ಹಾಗೆ ಕಂಡಿತು ನನಗೆ. ಒಂದು ಮಾತ್ರ ನಿಜ, ಟ್ಯಾಗರ್ಟ್ ಪಾತ್ರದ ಜಾನ್ ಆಷ್ಟನ್ ಅದೇ ವರ್ಷ ಸಪ್ಟೆಂಬರಿನಲ್ಲಿ ತೀರಿಹೋದ್ರು. ಅವರನ್ನು ಇನ್ನೊಮ್ಮೆ ಆ ಪಾತ್ರದಲ್ಲಿ ನೋಡ್ಲಿಕ್ಕೆ ಸಿಕ್ಕಿತಲ್ಲ, ಅಷ್ಟಕ್ಕೆ ಆ ಸಿನಿಮಾಕ್ಕೆ ನಾನು ಋಣಿ.

ನಮ್ಮಲ್ಲಿ ಪೊಲೀಸ್ ಅಂದ್ರೆ ಒಂಟಿ. 1996ರ 'ಪೊಲೀಸ್ ಸ್ಟೋರಿ'ಗೆ 2007ರಲ್ಲಿ ಎರಡನೇ ಭಾಗ ಬಂದಾಗಲೂ ಸಾಯಿಕುಮಾರ್ ಒಬ್ಬರದ್ದೇ ಗರ್ಜನೆ. ಎದುರು ನಿಂತು ಬೈಯುವ, ಹೊಡೆದಾಡುವ, ಹೆಗಲು ಕೊಡುವ ಇನ್ನೊಬ್ಬ ಇರುವ ಕಥೆಯನ್ನು ಯಾರಾದ್ರೂ ಕನ್ನಡದಲ್ಲಿ ಮನಸ್ಸಿಟ್ಟು ಬರಿಬೇಕು ಅಂತ ನನಗೆ ಬಹಳ ಆಸೆ.

ಗಾಂಧಿಬಜಾರ್_ಹುಡುಗ

ಹೌದು, ಆ ಇಬ್ಬರ ನಡುವೆ ಏನು ಬದಲಾಯ್ತು ಅನ್ನೋದೇ ಮುಖ್ಯ. ನಾಲ್ಕನೆಯದರಲ್ಲಿ ಜೋಡಿಯ ಸ್ವಭಾವವೇ ಅದಲುಬದಲಾಗಿದೆ. 29 ವರ್ಷ ಹೆದರುಪುಕ್ಕಲ ಮಾರ್ಕಸ್, ಮುನ್ನುಗ್ಗೋನು ಮೈಕ್. ಹೃದಯಾಘಾತದಲ್ಲಿ ಸತ್ತು ಬದುಕಿದ ಮಾರ್ಕಸ್‌ಗೆ ಈಗ ಹಾವರ್ಡ್ ಕನಸಲ್ಲಿ ಬಂದು ನಿನ್ನ ಕಾಲ ಬಂದಿಲ್ಲ ಅಂದಿದ್ದಾನೆ. ಸಾವಿನ ಭಯ ಪೂರ್ತಿ ಹೋಗಿದೆ, ಆಸ್ಪತ್ರೆ ಗೌನ್‌ನಲ್ಲಿ ಚಾವಣಿ ಅಂಚಿಗೆ ಹೋಗಿ ನಿಲ್ತಾನೆ. ಮೈಕ್‌ಗೆ ಹೆಂಡತಿ, ಮಗ ಅಂತ ಕಳ್ಕೊಳ್ಳೋಕೆ ಏನೋ ಸಿಕ್ಕಿದೆ. ಗುಂಡು ಹಾರಿಸಬೇಕಾದ ಹೊತ್ತಲ್ಲಿ ಕೈ ಏಳಲ್ಲ, ಉಸಿರು ಕಟ್ಟುತ್ತೆ, ಕಿವಿ ಗುಂಯ್ ಅನ್ನುತ್ತೆ. ಅದು ಪ್ಯಾನಿಕ್ ಅಟ್ಯಾಕ್. ಮಾರ್ಕಸ್ ಅವನ ಕೆನ್ನೆಗೆ ಬಾರಿಸಿ ಬಾರಿಸಿ ಎಚ್ಚರಕ್ಕೆ ತರ್ತಾನೆ.

ಆ ಏಟುಗಳನ್ನ ಎಲ್ಲರೂ ಆಸ್ಕರ್ ಘಟನೆಗೆ ಜೋಡಿಸಿದರು, ಇರಲಿ. ನಾನು ನೋಡಿದ್ದು ಬೇರೆ. ಗಂಡಸ್ತನದ ಗೊಂಬೆ ಥರ 1995ರಲ್ಲಿ ಅಂಗಿ ಬಿಚ್ಚಿ ಓಡಿದ ಮೈಕ್ ಲೌರಿ, 55ರಲ್ಲಿ ತನ್ನ ಗೆಳೆಯನ ಮುಂದೆ ಕೈಕಾಲು ನಡುಗಿಸಿಕೊಂಡು ಕೂತಿದ್ದಾನೆ, ಗೆಳೆಯ ಬಿಟ್ಟು ಹೋಗಲ್ಲ. ನಮ್ಮ ಮನೇಲಿ ಈ ಕಾಯಿಲೆಯನ್ನ ಹತ್ತಿರದಿಂದ ನೋಡಿದೀನಿ, ಹಾಗಾಗಿ ಕೆನ್ನೆಗೆ ಹೊಡೆಯೋದು ಚಿಕಿತ್ಸೆ ಅಲ್ಲ ಅಂತ ಗೊತ್ತು. ಆದರೆ ಸ್ಟಾರ್ ನಟ ಒಬ್ಬ ಇದನ್ನ ತೆರೆ ಮೇಲೆ ಒಪ್ಪಿಕೊಂಡ ಅನ್ನೋದು ನನಗೆ ದೊಡ್ಡ ವಿಷಯ.

ಧಾರವಾಡ_ಫೇಡೆ

ಈ ಮಾತು ಮುಟ್ಟಿತು ನೋಡ್ರಿ. ಇದನ್ನ ಓದಿದ ಮ್ಯಾಲೆ ನಾಲ್ಕನೇದನ್ನ ಇನ್ನೊಮ್ಮೆ ನೋಡ್ತೀನಿ. ಆದ್ರ ಅರ್ಮಾಂಡೋ ವಿಷಯದಾಗ ನನ್ನ ಮಾತು ಬದಲಾಗೂದಿಲ್ಲ. ಐದನೇದು ಬಂತಂದ್ರ ಅವ ಹಾವರ್ಡ್‌ನ ಸಾವಿಗೆ ಕೋರ್ಟಿನ್ಯಾಗ ನಿಂತು ಉತ್ತರ ಕೊಡೂದನ್ನ ತೋರಿಸ್ಲಿ. ಮೈಕ್ ಅಪ್ಪನಾಗಿ ಆ ಕೋರ್ಟಿನ್ಯಾಗ ಹೊರಗ ಕುಂಡ್ರಲಿ. ಅಂಥಾ ಸಿನಿಮಾಕ್ಕ ನಾನು ಮೊದಲನೇ ದಿನ ಹೋಗ್ತೀನಿ.

ಬೇಂದ್ರೆ_ಬಸ್‌ಸ್ಟಾಪ್

ಹೊಸಬ ನಾನು. ಒಂದೂ ನೋಡಿಲ್ಲ, ಮಗನಿಗೆ ಹನ್ನೆರಡು ವರ್ಷ, ಅವನ ಜೊತೆ ಕೂತು ನೋಡಬಹುದಾ? ಯಾವುದರಿಂದ ಶುರು ಮಾಡಲಿ?

ಎಡಿಟ್‌ರೂಮ್

ಮಗನ ಜೊತೆ ಬೇಡ ಸರ್. ಅಮೆರಿಕದಲ್ಲಿ ನಾಲ್ಕಕ್ಕೂ ಆರ್ ಪ್ರಮಾಣಪತ್ರ, ಅಂದ್ರೆ ಮಕ್ಕಳಿಗೆ ನಿರ್ಬಂಧ. ಬೈಗುಳ, ರಕ್ತ ಎರಡೂ ಧಾರಾಳ, ಎರಡನೆಯದರಲ್ಲಂತೂ ಮಿತಿ ಇಲ್ಲ. ನೀವೊಬ್ಬರೇ ನೋಡೋದಾದ್ರೆ 1995ರದ್ದರಿಂದ ಕ್ರಮವಾಗಿ ಹೋಗಿ. ಪುರುಸೊತ್ತು ಇಲ್ಲ ಅಂದ್ರೆ ಒಂದು, ಮೂರು, ನಾಲ್ಕು ನೋಡಿ. ಎರಡನೆಯದರಿಂದ ಸೇತುವೆ ಚೇಸ್, ಆಮೇಲೆ ರೆಜ್ಜಿ ಬಾಗಿಲು ತಟ್ಟೋ ದೃಶ್ಯ, ಇವೆರಡನ್ನ ಮಾತ್ರ ಹುಡುಕಿ ನೋಡ್ಕೊಳ್ಳಿ.